ಕೊಟ್ಟ ನೆಲದ ಮೊದಲ ಗೊಂಚಲು

“ನಿಂತ್ಕೊಂಡ್ ಏನ್ ಕೇಳಿಸ್ಕೊತೀಯೆ ಮುಂಡೆ? ನೀರು ಸೇದೋಳಿಗೆ ಭುಜ ಇದ್ರೆ ಸಾಕು, ಕಿವಿ ಯಾಕೆ?”

ನೀರು ಹೊತ್ತು ನಿಂತಿದ್ದ ತಲ್ಲಾಯಳನ್ನು ಗದರಿ, ಪಲ್ತಿ ತನ್ನ ಭಾವಂದಿರಿಗೆ ದ್ರಾಕ್ಷಿತೋಟ ತೋರಿಸತೊಡಗಿದ. “ಒಂದೊಂದು ಬಳ್ಳೀನೂ ಈ ಕೈಲೇ ನೆಟ್ಟಿದ್ದು, ಭಾವ.”

ತಲ್ಲಾಯ ಕೊಡ ಇಳಿಸಲಿಲ್ಲ. ತನ್ನೂರು ಗಿಬ್ಯೋನಿನ ಆ ಕಲ್ಲುಗುಡ್ಡದಲ್ಲಿ ಗುಳಿ ತೋಡಿ ಬಳ್ಳಿ ಊರಿದವಳು ಅವಳು. ಪಲ್ತಿಯ ಕುಲದ ಬೆನ್ಯಾಮೀನರು ಹೊಳೆ ದಾಟಿ ಬರುವುದಕ್ಕೂ ಮೊದಲು, ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು. ಆಮೇಲೆ, ಈ ನೆಲ ನಿಮಗೆ ಎಂದು ಅವರ ಅಜ್ಜಂದಿರಿಗೆ ಅವರ ದೇವರು ಕೊಟ್ಟಿದ್ದ ಮಾತು ನೆರವೇರಿತು. ನೆಲಕ್ಕೆ ಚೀಟಿ ಹಾಕಿದರು. ಚೀಟಿ ಪಲ್ತಿಗೆ ಬಿತ್ತು, ತಲ್ಲಾಯಳ ಬದುಕು ಪಲ್ಟಿ ಹೊಡೆಯಿತು. ಅವಳ ಜನಕ್ಕೆ ಉಳಿದದ್ದು ಬಲಿಪೀಠಕ್ಕೆ ಸೌದೆ ಒಡೆಯುವುದು, ನೀರು ಹೊರುವುದು. ಚಳಿಗಾಲಕ್ಕೆ ಒಣಗಿಸಿಡಲು ಬಳ್ಳಿಯ ಬುಡದಲ್ಲಿ ಉದುರಿದ ಹಣ್ಣು.

“ಗುಳಿ ಎಷ್ಟು ಆಳ ತೋಡಿದ್ರಿ, ಧಣಿ?” ಎಂದಳು.

ಪಲ್ತಿ ಅವಳನ್ನು ಒದ್ದ. ಕೊಡ ಕಲ್ಲಿಗೆ ಬಡಿದು ಹೋಳಾಯಿತು. ಭಾವಂದಿರು ನಕ್ಕರು.

ಮರುದಿನ ಬಲಿಪೀಠದ ಮುಂದೆ ಮೊದಲ ಹಣ್ಣಿನ ಬುಟ್ಟಿಗಳ ಸಾಲು. ಪಕ್ಕದಲ್ಲಿ ಬೇರೊಂದು ಕೊಡದಲ್ಲಿ ನೀರು ಹೊತ್ತ ತಲ್ಲಾಯ. ಪೂಜಾರಿ ಮಲ್ಲೂಕ ಒಂದೊಂದೇ ಮಾತು ಹೇಳಿಕೊಡುವುದು, ಬುಟ್ಟಿ ತಂದವನು ಅದನ್ನೇ ಒಪ್ಪಿಸುವುದು. ಸೌದೆ ಒಟ್ಟಿನ ಹಿಂದೆ ತಲ್ಲಾಯಳ ಗಂಡ ಅಬ್ದಿ ಮೂಗು ಹಿಡಿದುಕೊಂಡು ಮಲ್ಲೂಕನ ದನಿಯನ್ನೇ ಅಣಕಿಸುತ್ತಿದ್ದ: “ದೇಏಏವರು... ಆಣೆಯಿಟ್ಟ... ನೆಲಕ್ಕೆ... ಬಂದಿದ್ದೇಏಏನೆ...” ಕೊಡಲಿ ಹಿಡಿದವರ ಹೊಟ್ಟೆ ಕುಣಿಯುತ್ತಿತ್ತು, ಬಾಯಿ ಮಾತ್ರ ಬಿಗಿದಿತ್ತು.

ಪಲ್ತಿಯ ಸರದಿ ಬಂತು. ಮಲ್ಲೂಕ ಗೊಂಚಲು ಎತ್ತಿ ನೋಡಿದ. “ಎಳೇ ಬಳ್ಳಿ ಹಂಗದೆ. ನೆಟ್ಟೋರು ಯಾರು?”

ಭಾವಂದಿರು ಪಕ್ಕದಲ್ಲೇ ಇದ್ದರು. ಪಲ್ತಿ ಎದೆ ಉಬ್ಬಿಸಿದ. “ನಾನೇ, ಸ್ವಾಮಿ. ನೆಲ ಕೈಗೆ ಬಂದ ವರ್ಷವೇ.”

“ಅಂದ್ರೆ ಹೋದ ವರ್ಷದ ಹಿಂದಿನ ವರ್ಷ.” ಮಲ್ಲೂಕ ಗೊಂಚಲನ್ನು ಕೆಂಡ ಬಿಟ್ಟಂತೆ ಬುಟ್ಟಿಗೆ ಬಿಟ್ಟ. “ಮೂರು ವರ್ಷ ತುಂಬದ ಬಳ್ಳಿ ಹಣ್ಣು ನಮ್ಮೋರು ತಿನ್ನಂಗಿಲ್ಲ, ಹಿಂಡಂಗಿಲ್ಲ, ಮಾರಂಗಿಲ್ಲ. ತೋಟ ಹಂಗೇ ಬಿಡು.”

ಪಲ್ತಿ ಬುಟ್ಟಿಯನ್ನು ಮತ್ತೆ ಮುಂದಕ್ಕೆ ನೂಕಿದ. “ಅಲ್ಲ ಸ್ವಾಮಿ, ಬಾಯ್ತಪ್ಪಿ ಅಂದೆ. ನಾವು ಬರೋಕ್ ಮುಂಚೆನೇ ಇತ್ತು, ಮೂರು ವರ್ಷ ಯಾವತ್ತೋ ತುಂಬ್ತು. ಇಗೋ, ಇವಳೇ ನೆಟ್ಟಿದ್ದು. ಹೇಳು ತಾಯಿ, ನೀನೇ ಅಲ್ವಾ? ಉದುರಿದ್ದೆಲ್ಲ ನಿನಗೇ ಕೊಡ್ತೀನಿ.”

ನಿನ್ನೆಯ ಮುಂಡೆ ಇವತ್ತು ತಾಯಿಯಾಗಿದ್ದಳು. ಒಟ್ಟಿನ ಹಿಂದೆ ಅಬ್ದಿಯ ಕೊಡಲಿ ನಿಂತಿತು. ಹೌದು ಅಂದರೆ ಚಳಿಗಾಲಕ್ಕೆ ಮಕ್ಕಳ ಬಾಯಿಗೆ ಒಣದ್ರಾಕ್ಷಿ.

“ನಾನು ನೆಟ್ಟಿದ್ದು ಅಂದ್ರೆ ತೋಟ ನಂದಾಯ್ತದಾ, ಸ್ವಾಮೇರೆ?”

“ನೆಟ್ಟೋರು ಬೇರೆ, ಪಡೆದೋರು ಬೇರೆ. ದೇವರು ಕೊಟ್ಟಿದ್ದೇ ಹಂಗೆ. ನೀನು ಹೌದೋ ಅಲ್ಲವೋ ಹೇಳು, ಸಾಕು.”

ತಲ್ಲಾಯ ಭುಜದ ಕೊಡ ಸರಿಮಾಡಿಕೊಂಡಳು.

“ಅಲ್ಲ. ನಾನು ನೀರು ಸೇದೋಳು. ಧಣಿಗಳೇ ನೆಟ್ರು.”

ಮಾರನೇ ಬೆಳಗ್ಗೆ ಹಣ್ಣು ಬಳ್ಳಿಯಲ್ಲೇ ತೂಗುತ್ತಿತ್ತು. ತೋಟದ ಕಲ್ಲುಗೋಡೆಯ ಸಂದಿಯಲ್ಲಿ ಪಲ್ತಿ ದೊಣ್ಣೆ ಹಿಡಿದು ಕೂತಿದ್ದ. ಊರ ಕಡೆಯಿಂದ ಹೆಂಗಸರು ಬಂದರು, ಕಂಕುಳಲ್ಲಿ ಬುಟ್ಟಿ. ಮುಂದೆ ತಲ್ಲಾಯ.

“ಎಲ್ಲಿಗೇ?”

“ಹಣ್ಣಿಗೆ.”

“ತಿನ್ನಬಾರ್ದು ಅಂತ ಸ್ವಾಮೇರು ಹೇಳಿಲ್ವೇನೆ?”

“ನಿಮ್ಮೋರು ತಿನ್ನಬಾರ್ದು ಅಂದ್ರು. ನಮ್ಮನ್ನ ನಿಮ್ಮೋರು ಅಂತ ಯಾವಾಗ ಅಂದಿದ್ರಿ?”

“ಕೊಂದ್ಹಾಕಿಬಿಡ್ತೀನಿ, ಬೇವಾರ್ಸಿ.”

“ಕೊಲ್ಲಲ್ಲ ಅಂತ ನಿಮ್ಮ ದೊಡ್ಡೋರು ನಮಗೆ ಆಣೆ ಇಟ್ಟವ್ರೆ, ನಿಮ್ಮ ದೇವರ ಮೇಲೇ. ಆ ಮಾತೂ ನಡೀಬೇಕಲ್ಲ, ಧಣಿ.”

ದೊಣ್ಣೆ ಅವಳ ಹೆಗಲಿಗೆ ಬಿತ್ತು. ಆ ತೋಳು ಜೋತುಬಿತ್ತು. ಇನ್ನೊಂದು ಕೈಯಿಂದ ಗೋಡೆಯ ಮೇಲೆ ಜೋತಿದ್ದ ಗೊಂಚಲು ಕಿತ್ತು, ಅವನ ಮುಖ ನೋಡುತ್ತಲೇ ಕಚ್ಚಿದಳು. ರಸ ಗಲ್ಲಕ್ಕೆ ಇಳಿಯಿತು. ಅವನು ಎರಡನೆಯ ಏಟಿಗೆ ದೊಣ್ಣೆ ಎತ್ತುವಷ್ಟರಲ್ಲಿ ಅವಳ ಹಿಂದಿನವಳು ಗೋಡೆ ದಾಟಿದ್ದಳು.