ಒಂಬತ್ತು ಹಳದಿ ಚೀಟಿ

ಹಳದಿ ಚೀಟಿ ನನ್ನದೇ ಕೂಸು. ಆದ್ದರಿಂದ ಈ ವಿಷಯದಲ್ಲಿ ಬೈಸಿಕೊಳ್ಳಬೇಕಾದವರ ಪಟ್ಟಿ ಮಾಡಿದರೆ ಮೊದಲು ನಾನೇ ಬರಬೇಕು. ಬರುತ್ತೇನೆ. ನನ್ನ ಕೆಳಗೆ ಇನ್ನೂ ಏಳು ಜನರಿಗೆ ಜಾಗವಿದೆ.

ಕಾಲೇಜಿನ ಸ್ವಾಸ್ಥ್ಯ ಕೇಂದ್ರದಲ್ಲಿ ನಾನು ಹನ್ನೊಂದು ವರ್ಷದಿಂದ ಆಪ್ತಸಮಾಲೋಚಕಿ. ಹುದ್ದೆಯ ಹೆಸರು ಉದ್ದ, ಕೋಣೆ ಗಿಡ್ಡ. ಎರಡು ಕುರ್ಚಿ, ಒಂದು ಮೇಜು, ಬೀಗವಿರುವ ಒಂದು ಬೀರು, ಕಾರಿಡಾರಿನ ಕಡೆಗೊಂದು ಬಾಗಿಲು, ಹಿಂದೆ ಜನರೇಟರ್ ಶೆಡ್ಡಿನ ಕಡೆಗೊಂದು ಬಾಗಿಲು. ಪಕ್ಕದ ಕೋಣೆಯಲ್ಲಿ ನನ್ನ ಕಿರಿಯ ಸಹೋದ್ಯೋಗಿ ಇದ್ದಾಳೆ. ಅವಳು ಎಲ್ಲರಿಗೂ ಅಕ್ಕ. ನನಗೆ ವಿದ್ಯಾರ್ಥಿಗಳು ಕಿವಿಯಮ್ಮ ಎಂದು ಹೆಸರಿಟ್ಟಿದ್ದಾರೆ. ಅದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಕಿವಿಯಮ್ಮನಿಗೆ ಕೇಳಿಸದೆ ಇರುತ್ತದೆಯೇ?

ನಾಲ್ಕು ವರ್ಷದ ಹಿಂದೆ ನಮಗೊಂದು ತಲೆನೋವು ಇತ್ತು. ನೂರಕ್ಕೆ ಎಪ್ಪತ್ತೈದು ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕ್ಲಾಸಿನ ಹೊತ್ತಿನಲ್ಲಿ ನಮ್ಮ ಹತ್ತಿರ ಬಂದವರಿಗೆ ಹಾಜರಾತಿ ಹೋಗುತ್ತಿತ್ತು. ಎದೆ ಹೊಡೆದುಕೊಳ್ಳುತ್ತಿದ್ದರೂ ಗಡಿಯಾರ ನೋಡಿ ಎದ್ದು ಓಡುತ್ತಿದ್ದರು. ನಾನು ಒಂದು ವರ್ಷ ಆಫೀಸಿಗೆ ಅಲೆದು, ಜಗಳವಾಡಿ, ಹಟ ಹಿಡಿದು ಒಂದು ಚೀಟಿ ತಂದೆ. ಅದರಲ್ಲಿ ಕಾಯಿಲೆ ಇಲ್ಲ, ಕಾರಣ ಇಲ್ಲ. ರೋಲ್ ನಂಬರು, ಹೊತ್ತು, ‘ಸ್ವಾಸ್ಥ್ಯ ಕೇಂದ್ರದಲ್ಲಿ ಹಾಜರಿದ್ದರು’ ಎಂಬ ಒಂದು ಸಾಲು, ನನ್ನ ಸಹಿ, ಮುದ್ರೆ. ಸ್ಟೋರಿನಲ್ಲಿ ಯಾರಿಗೂ ಬೇಡವಾದ ಹಳದಿ ಕಾಗದ ಬಿದ್ದಿತ್ತು, ಅದರಲ್ಲೇ ಅಚ್ಚು ಹಾಕಿಸಿದರು. ಚೀಟಿ ಕೊಟ್ಟವರಿಗೆ ಹಾಜರಾತಿ ಸಿಗುತ್ತಿತ್ತು. ನಾನು ಅಂದು ಮನೆಗೆ ಹೋಗಿ ಯಜಮಾನರ ಮುಂದೆ ಯುದ್ಧ ಗೆದ್ದವಳ ಹಾಗೆ ಕೊಚ್ಚಿಕೊಂಡೆ.

ನನ್ನ ದಡ್ಡತನ ನೋಡಿ. ಆ ಕುರ್ಚಿಯಲ್ಲಿ ಕೂತು ಹೇಳಿದ ಒಂದೊಂದು ಮಾತನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಕೊರಳಲ್ಲಿ ಹಾಕಿಕೊಂಡು ಓಡಾಡುವವಳು ನಾನು. ಬಂದಿದ್ದರು ಎಂಬ ಸಂಗತಿಯನ್ನೇ ಹಳದಿ ಕಾಗದದಲ್ಲಿ ಬರೆದು, ಮುದ್ರೆ ಒತ್ತಿ, ಕಾಲೇಜೆಲ್ಲ ಸುತ್ತಲು ಬಿಟ್ಟೆ. ಚೀಟಿ ಮೇಷ್ಟರ ಕೈಗೆ, ಅಲ್ಲಿಂದ ವಿಭಾಗಕ್ಕೆ, ಅಲ್ಲಿಂದ ದೊಡ್ಡ ಆಫೀಸಿನ ಫೈಲಿಗೆ. ಕೊನೆಗೆ ಅದು ಎಲ್ಲಿ ಕೂರುತ್ತದೆ ಎಂದು ಒಂದು ದಿನವೂ ಯೋಚಿಸಲಿಲ್ಲ. ನಮ್ಮ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಇದು.

ಈ ವರ್ಷ ಬೇರೆ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿ ಜೀವ ಕಳೆದುಕೊಂಡ. ನಮ್ಮ ಆಡಳಿತ ಮಂಡಳಿ ಬೆಚ್ಚಿಬಿತ್ತು. ನಮ್ಮ ಮಕ್ಕಳಿಗೂ ಹಾಗಾದರೇನು ಗತಿ ಎಂದಲ್ಲ, ಪೇಪರಿನಲ್ಲಿ ನಮ್ಮ ಕಾಲೇಜಿನ ಹೆಸರು ಬಂದರೇನು ಗತಿ ಎಂದು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವವರ ಸುದ್ದಿ ಕೇಳಿದ್ದೆ. ಇವರು ಪಕ್ಕದ ಮನೆಯವರಿಗೆ ನೆಗಡಿ ಬಂದದ್ದಕ್ಕೆ ನಮ್ಮ ಮೂಗು ಕೊಯ್ಯಲು ಹೊರಟರು.

ಸುದ್ದಿ ತಂದವಳು ಅಕ್ಕ. ಸ್ಟೇಪ್ಲರ್ ಪಿನ್ನು ಕೇಳಲು ಆಫೀಸಿಗೆ ಹೋದವಳು ಗುಮಾಸ್ತರ ಮೇಜಿನ ಮೇಲೆ ಪಟ್ಟಿ ನೋಡಿ ಮುಖ ಬಿಳಿಚಿಕೊಂಡು ಬಂದಳು. ಫೈಲಿನಲ್ಲಿ ಐದಕ್ಕಿಂತ ಹೆಚ್ಚು ಹಳದಿ ಚೀಟಿ ಇರುವವರು ಇಪ್ಪತ್ತಮೂರು ಜನ. ಅಷ್ಟೂ ಮನೆಗಳಿಗೆ ಶನಿವಾರದ ಟಪಾಲಿನಲ್ಲಿ ಕಾಗದ ಹೋಗಲಿದೆ: ನಿಮ್ಮ ಮಗುವಿನ ಮಾನಸಿಕ ಸ್ಥಿತಿಯ ಬಗ್ಗೆ ಸಂಶಯವಿದೆ, ವಾರದೊಳಗೆ ಬಂದು ಹಾಸ್ಟೆಲಿನಿಂದ ಕರೆದುಕೊಂಡು ಹೋಗಿ, ಡಾಕ್ಟರ ಸರ್ಟಿಫಿಕೇಟು ತಂದರೆ ಮುಂದಿನ ವರ್ಷ ನೋಡೋಣ. ಬಂದು ಸಹಾಯ ಕೇಳಿದವರನ್ನೇ ಹೆಕ್ಕಿ ಹೊರಗೆ ಹಾಕುವ ಯೋಜನೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಪಟ್ಟಿಯಲ್ಲಿ ನಮ್ಮ ಗಣಿತದವಳು ಇದ್ದಳು. ಎರಡನೇ ವರ್ಷದ ಹುಡುಗಿ, ತರಗತಿಗೇ ಮೊದಲು. ಬೋರ್ಡಿನ ಹತ್ತಿರ ಕರೆದರೆ ಸಾಕು, ಕೈ ತಣ್ಣಗಾಗಿ, ಉಸಿರು ಕಟ್ಟಿ, ಈಗಲೇ ಸತ್ತುಹೋಗುತ್ತೇನೆ ಅನ್ನಿಸುತ್ತಿತ್ತು ಅವಳಿಗೆ. ಮೊದಲ ಸಲ ಅಕ್ಕ ಕೈ ಹಿಡಿದು ಕರೆತಂದಳು. ಆಮೇಲೆ ತಾನಾಗಿ ಬಂದಳು. ಒಂಬತ್ತನೆಯ ಸಲ ಬಂದಾಗ ಮೂಗಿನ ಮೇಲೆ ಸೀಮೆಸುಣ್ಣದ ಪುಡಿ ಇತ್ತು. ಬೋರ್ಡಿಗೆ ಹೋಗಿದ್ದಳಂತೆ, ಸೀಮೆಸುಣ್ಣ ಎರಡು ಸಲ ಮುರಿಯಿತಂತೆ, ಆದರೂ ಲೆಕ್ಕ ಮುಗಿಸಿಯೇ ಕೆಳಗಿಳಿದಳಂತೆ. ಆ ದಿನ ನಾನು ಕೊಟ್ಟ ಚೀಟಿಯೂ ಫೈಲಿನಲ್ಲಿದೆ. ಗುಣವಾದದ್ದಕ್ಕೆ ಸಾಕ್ಷಿ ಅದು. ಇವರ ಲೆಕ್ಕದಲ್ಲಿ ಒಂಬತ್ತನೆಯ ರೋಗ.

ಅವಳ ಮನೆಯ ಕಥೆಯೂ ನನಗೆ ಗೊತ್ತು. ಇಷ್ಟು ಓದಿದ್ದು ಸಾಕು ಎಂದು ಅಣ್ಣ ಮೊದಲಿನಿಂದ ಕೂಗಾಡುತ್ತಿದ್ದಾನೆ. ತಾಯಿ ಎರಡು ದಿನ ಊಟ ಬಿಟ್ಟು ಮಗಳನ್ನು ಹಾಸ್ಟೆಲಿಗೆ ಕಳಿಸಿದ್ದಾಳೆ. ತಲೆ ಸರಿಯಿಲ್ಲ ಎಂದು ಕಾಲೇಜೇ ಬರೆದುಕೊಟ್ಟರೆ ಅಣ್ಣ ಬಯಸಿದ್ದೂ ಅದೇ, ಅವನಿಗೆ ಸಿಕ್ಕಿದ್ದೂ ಅದೇ. ಕಾಗದ ಮುಟ್ಟಿದ ಮರುದಿನವೇ ಅವಳ ಟ್ರಂಕು ಬಸ್ಸಿನ ಮೇಲಿರುತ್ತದೆ.

ಗುರುವಾರ ಮೀಟಿಂಗು ಕರೆಸಿದೆ. ಉದ್ದನೆಯ ಮೇಜು, ಡೀನ್ ಸೇರಿ ಮಂಡಳಿಯ ಏಳು ಜನ, ಏಳು ನೀರಿನ ಬಾಟಲಿ. ನನಗೆ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ನಾನು ಬೇಡಿಕೊಂಡೆ. ಚೀಟಿ ಇದ್ದವರ ಬಗ್ಗೆ ಹೆದರಬೇಡಿ, ಅವರು ಬರುತ್ತಿದ್ದಾರೆ, ಒಂದೂ ಚೀಟಿ ಇಲ್ಲದೆ ಕತ್ತಲೆಯಲ್ಲಿ ಮುದುಡಿ ಕೂತವರ ಬಗ್ಗೆ ಹೆದರಿ ಎಂದೆ. ಔಷಧಿ ಅಂಗಡಿಗೆ ಹೋದವರನ್ನೆಲ್ಲ ಓಡಿಸಿಬಿಟ್ಟರೆ ಊರಿನಲ್ಲಿ ರೋಗ ಇಲ್ಲ ಅಂತಾಗುತ್ತದೆಯೇ ಎಂದೂ ಕೇಳಿದೆ. ಒಬ್ಬರು ನಕ್ಕರು. ಒಬ್ಬರು ಫೋನು ನೋಡಿದರು. ಡೀನ್ ಮಾತ್ರ ತುಂಬ ಮೃದುವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು.

“ಇದು ಅವರ ಒಳ್ಳೇದಕ್ಕೇ ಅಲ್ವಾ ಮೇಡಂ. ನೀವು ಸ್ವಲ್ಪ ಭಾವುಕರಾಗ್ತಿದ್ದೀರಿ.”

ಈಗ ಒಂದು ಮಾತು ಹೇಳಬೇಕು, ಪೂರ್ತಿ ಹೇಳುವುದಿಲ್ಲ. ಆ ಮೇಜಿನ ಸುತ್ತ ಕೂತಿದ್ದ ಏಳು ಜನರಲ್ಲಿ ಒಬ್ಬರು, ಎರಡು ವರ್ಷದ ಹಿಂದೆ, ಕಾಲೇಜು ಬಿಟ್ಟ ಮೇಲೆ ಸಂಜೆ ಐದೂವರೆಗೆ, ಜನರೇಟರ್ ಶೆಡ್ಡಿನ ಕಡೆಯ ಬಾಗಿಲಿನಿಂದ ನನ್ನ ಕೋಣೆಗೆ ಬಂದಿದ್ದರು. ಹದಿನಾಲ್ಕು ಸಂಜೆ. ಗಣಿತದವಳು ಕೂತ ಕುರ್ಚಿಯಲ್ಲೇ ಕೂತು, ಅವಳಿಗಿಂತ ಹೆಚ್ಚು ಅತ್ತಿದ್ದರು. ಅವರಿಗೆ ಹಾಜರಾತಿಯ ಹಂಗಿಲ್ಲ, ಆದ್ದರಿಂದ ಚೀಟಿಯೂ ಇಲ್ಲ. ಅವರು ಯಾರು, ಗಂಡಸೋ ಹೆಂಗಸೋ, ಏಕೆ ಬಂದರು, ನಾನು ಅಂದೂ ಹೇಳಲಿಲ್ಲ, ಇಂದು ನಿಮಗೂ ಹೇಳುವುದಿಲ್ಲ.

ಪಟ್ಟಿಗೆ ಒಪ್ಪಿಗೆ ಇರುವವರು ಕೈ ಎತ್ತಿ ಎಂದರು ಡೀನ್. ಏಳೂ ಕೈ ಎದ್ದವು.

ನನ್ನ ಮೈಯೆಲ್ಲ ಉರಿದುಹೋಯಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹದಿನಾಲ್ಕು ಎಂಬ ಸಂಖ್ಯೆ ಒಂದನ್ನು ಬಾಯಿಬಿಟ್ಟು ಹೇಳಿದ್ದರೂ ಸಾಕಿತ್ತು, ಒಂದು ಕೈ ಕೆಳಗಿಳಿಯುತ್ತಿತ್ತು. ಆ ವ್ಯಕ್ತಿ ನನ್ನ ಕಡೆ ನೋಡಲೇ ಇಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಕಿವಿಯಮ್ಮನಿಗೆ ಕಿವಿ ಉಂಟು, ಬಾಯಿಲ್ಲ ಎಂಬ ನೆಮ್ಮದಿಯಲ್ಲಿ ಆ ಕೈ ನೆಟ್ಟಗೆ ನಿಂತಿತ್ತು. ತಮಗೆ ಸಿಕ್ಕ ನೆಮ್ಮದಿಯಲ್ಲಿ ಹದಿನಾಲ್ಕರಲ್ಲಿ ಒಂದು ಪಾಲನ್ನು ಆ ಹುಡುಗಿಗೆ ಬಿಟ್ಟುಕೊಟ್ಟಿದ್ದರೆ ಅವರ ಗಂಟು ಏನು ಹೋಗುತ್ತಿತ್ತು? ನಾನು ಎದ್ದು ಬಂದೆ. ಆ ಸಿಟ್ಟು ಇನ್ನೂ ಆರಿಲ್ಲ, ಆರುವುದು ಬೇಡ.

ಶುಕ್ರವಾರ ಬೆಳಿಗ್ಗೆ ಗಣಿತದವಳು ಬಂದಳು. ಪಟ್ಟಿಯ ಸುದ್ದಿ ಹಾಸ್ಟೆಲಿಗೆ ಮುಟ್ಟಿತ್ತು. ಅವಳು ಅಳುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಲೂ ಇಲ್ಲ, ಬಾಗಿಲ ಹತ್ತಿರ ನಿಂತುಕೊಂಡೇ ಕೇಳಿದಳು.

“ನಾನು ಇಲ್ಲಿಗೆ ಬರದೇ ಇದ್ದಿದ್ರೆ ನನ್ನ ಹೆಸರು ಅಲ್ಲಿ ಇರ್ತಿರಲಿಲ್ಲ ಅಲ್ವಾ ಮೇಡಂ?”

ಅವಳನ್ನು ಅಕ್ಕನ ಹತ್ತಿರ ಕೂರಿಸಿ ನೇರ ಆಫೀಸಿಗೆ ಹೋಗಿ ಗುಮಾಸ್ತರ ಮೇಲೆ ಹರಿಹಾಯ್ದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರಲ್ಲ, ಹಾಗೆ. ಪಾಪ, ಇಪ್ಪತ್ತೆಂಟು ವರ್ಷ ಆ ಮೇಜಿಗೆ ಮೊಣಕೈ ಊರಿ ಸವೆದ ಮನುಷ್ಯ. ನನ್ನ ಕೂಗಾಟ ಮುಗಿಯುವವರೆಗೆ ಕನ್ನಡಕ ಒರೆಸುತ್ತ ಕೂತರು. ಆಮೇಲೆ ದನಿ ತಗ್ಗಿಸಿದರು.

“ಚೀಟಿ ಇದ್ರೆ ಆ ಹುಡುಗಿ ರೋಗಿ. ಚೀಟಿ ಇಲ್ಲದಿದ್ರೆ ಬರೀ ಕ್ಲಾಸಿಗೆ ಚಕ್ಕರ್ ಹೊಡ್ದವಳು. ಚಕ್ಕರ್ ಹೊಡ್ದೋರಿಗೆ ನಮ್ಮಲ್ಲಿ ಕ್ಷಮೆ ಇದೆ ಮೇಡಂ.”

ನಿಜ. ನಿಯಮ ಹಾಗೇ ಇದೆ. ಹಾಜರಾತಿ ಕಡಿಮೆ ಬಿದ್ದವರು ಮೂರು ಸಾಲಿನ ತಪ್ಪೊಪ್ಪಿಗೆ ಬರೆದುಕೊಟ್ಟರೆ ಡೀನ್ ಗದರಿ, ಸಹಿ ಹಾಕಿ, ಪರೀಕ್ಷೆಗೆ ಬಿಡುತ್ತಾರೆ. ಮನೆಗೆ ಕಾಗದ ಹೋಗುವುದಿಲ್ಲ. ಸಿನಿಮಾ ನೋಡಿದವರಿಗೆ ಕ್ಷಮೆ, ನಿದ್ದೆ ಹೊಡೆದವರಿಗೆ ಕ್ಷಮೆ. ಉಸಿರು ಕಟ್ಟುತ್ತಿದೆ ಎಂದು ಬಂದವರಿಗೆ ಮಾತ್ರ ಕ್ಷಮೆ ಇಲ್ಲ. ಚೀಟಿಗಳು ಫೈಲಿನಿಂದ ಹೊರಬರಬೇಕಾದರೆ ಒಂದೊಂದರ ಮೇಲೂ ‘ತಪ್ಪಾಗಿ ನೀಡಲಾಗಿದೆ’ ಎಂದು ನಾನು ಬರೆದು ಸಹಿ ಹಾಕಬೇಕು. ಅಷ್ಟು ಮಾಡಿದರೆ ಟಪಾಲು ಹೊರಡುವ ಮೊದಲು ಪಟ್ಟಿ ತಿದ್ದುವುದು ತಮ್ಮ ಜವಾಬ್ದಾರಿ ಎಂದರು ಗುಮಾಸ್ತರು.

ಗಣಿತದವಳು ಬಿಳಿ ಹಾಳೆ ಮುಂದಿಟ್ಟುಕೊಂಡು ಬಹಳ ಹೊತ್ತು ಪೆನ್ನು ಕಚ್ಚಿದಳು. ಹುಟ್ಟಿದಾಗಿನಿಂದ ಒಂದು ಕ್ಲಾಸಿಗೂ ಚಕ್ಕರ್ ಹೊಡೆದವಳಲ್ಲ, ಏನು ಬರೆಯಬೇಕೆಂದೇ ತಿಳಿಯಲಿಲ್ಲ. ಅಕ್ಕ ಪಕ್ಕದಲ್ಲಿ ಕೂತು, ಕ್ಯಾಂಟೀನು ಅಂತ ಬರಿ, ಅದು ಎಲ್ಲರೂ ನಂಬುವಂಥದ್ದು ಎಂದಳು. ಒಂಬತ್ತು ದಿನ ಹನ್ನೊಂದು ಗಂಟೆಯ ತರಗತಿಗೆ ಹೋಗದೆ ಕ್ಯಾಂಟೀನಿನಲ್ಲಿ ಕೂತು ಕಾಲಹರಣ ಮಾಡಿದ್ದೇನೆ ಎಂದು ಹುಡುಗಿ ಬರೆದಳು. ದುಂಡಗಿನ ಅಕ್ಷರ, ಒಂದೂ ಚಿತ್ತುಕಾಟು ಇಲ್ಲ. ನಾನು ಒಂಬತ್ತು ಚೀಟಿಗೆ ಸಹಿ ಹಾಕಿದೆ. ಒಂಬತ್ತನೆಯದರ ಮೂಲೆಯಲ್ಲಿ ಸೀಮೆಸುಣ್ಣದ ಬೆರಳಚ್ಚು ಇನ್ನೂ ಇತ್ತು. ಅದರ ಮೇಲೆಯೇ ‘ತಪ್ಪಾಗಿ’ ಎಂದು ಬರೆಯಬೇಕಾಯಿತು.

ಸಂಜೆಯವರೆಗೆ ಉಳಿದವರು ಒಬ್ಬೊಬ್ಬರಾಗಿ ಬಂದರು. ಸಿನಿಮಾ, ಕ್ರಿಕೆಟ್ಟು, ನಿದ್ದೆ, ಮತ್ತೆ ಕ್ಯಾಂಟೀನು. ಕೊನೆಯ ವರ್ಷದವನೊಬ್ಬ ಮಾತ್ರ ಬರೆಯಲು ಒಪ್ಪಲಿಲ್ಲ. ನಾನು ಬಂದದ್ದು ನಿಜ, ಬಂದು ಬದುಕಿದ್ದೂ ನಿಜ, ಸುಳ್ಳು ಏಕೆ ಬರೆಯಲಿ ಎಂದ. ಎಷ್ಟು ಹೇಳಿದರೂ ಕೇಳಲಿಲ್ಲ. ಶನಿವಾರದ ಟಪಾಲಿನಲ್ಲಿ ಅವನ ಮನೆಗೊಂದೇ ಕಾಗದ ಹೋಯಿತು. ಅವನಪ್ಪ ಬಂದು ಕರೆದುಕೊಂಡು ಹೋದರು. ಇಪ್ಪತ್ತಮೂರು ಜನರಲ್ಲಿ ನಿಜ ಹೇಳಿದವನು ಅವನೊಬ್ಬನೇ. ಹಾಸ್ಟೆಲು ಬಿಟ್ಟವನೂ ಅವನೊಬ್ಬನೇ. ಅಕ್ಕ ಈಗಲೂ ವಾರಕ್ಕೆರಡು ಸಲ ಅವನಿಗೆ ಫೋನು ಮಾಡುತ್ತಾಳೆ. ಎರಡು ಸಲಕ್ಕೆ ಒಂದು ಸಲ ಎತ್ತುತ್ತಾನೆ.

ಡೀನ್ ಗಣಿತದವಳನ್ನು ಕರೆಸಿದರು. ಬಯ್ಯಲಿಲ್ಲವಂತೆ, ನಕ್ಕರಂತೆ. ಈ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ, ನಾವೂ ಮಾಡಿದವರೇ, ಇನ್ನು ಮೇಲೆ ಸರಿಯಾಗಿ ಓದಮ್ಮ ಎಂದು ಸಹಿ ಹಾಕಿ ಕಳಿಸಿದರಂತೆ.

ತಿಂಗಳ ಕೊನೆಗೆ ವರದಿ ಕೇಳಿದರು. ‘ಸಹಾಯ ಪಡೆದ ವಿದ್ಯಾರ್ಥಿಗಳ ಸಂಖ್ಯೆ’ ಎಂಬ ಮನೆಯಲ್ಲಿ ನಾನು ದೊಡ್ಡದಾಗಿ ಸೊನ್ನೆ ಬರೆದೆ. ಇದನ್ನು ನೋಡಿಯಾದರೂ ಯಾರಿಗಾದರೂ ನಾಚಿಕೆಯಾದೀತು ಎಂಬ ಆಸೆ ನನಗೆ. ಎರಡು ದಿನಕ್ಕೆ ಏಳೂ ಜನರ ಸಹಿಯಿರುವ ಮೆಚ್ಚುಗೆಯ ಪತ್ರ ಬಂತು. ಕಾಲೇಜಿನ ವಾತಾವರಣ ಸುಧಾರಿಸಿರುವುದಕ್ಕೆ ಕೇಂದ್ರದ ಸಿಬ್ಬಂದಿಗೆ ಅಭಿನಂದನೆ. ಅದನ್ನು ನಾನು ಗೋಡೆಗೆ ಹಚ್ಚಲಿಲ್ಲ. ನಾಲ್ಕಾಗಿ ಮಡಚಿ, ಅಲ್ಲಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಕೊಟ್ಟೆ. ಈಗ ಮೇಜು ಅಲ್ಲಾಡುವುದಿಲ್ಲ.

ಕಾರಿಡಾರಿನ ಬಾಗಿಲು ಒಂದೂವರೆ ತಿಂಗಳಿಂದ ಯಾರಿಗೂ ತೆರೆದಿಲ್ಲ. ಹಿಂದಿನ ಬಾಗಿಲ ಚಿಲಕಕ್ಕೆ ನಾನೇ ಎಣ್ಣೆ ಬಿಟ್ಟಿದ್ದೇನೆ. ಮೊನ್ನೆ ಹನ್ನೊಂದು ಗಂಟೆಗೆ ಜನರೇಟರ್ ಶೆಡ್ಡಿನ ಕಡೆಯಿಂದ ಮೆಲ್ಲಗೆ ತಟ್ಟಿದ ಸದ್ದಾಯಿತು. ತೆರೆದರೆ ಗಣಿತದವಳು. ಒಳಗೆ ಬಂದು, ಬಾಗಿಲು ಹಾಕಿ, ಕುರ್ಚಿಯಲ್ಲಿ ಕೂತಳು. ಅಭ್ಯಾಸಬಲದಿಂದ ನಾನು ಡ್ರಾಯರಿಗೆ ಕೈ ಹಾಕಿ ಚೀಟಿಯ ಪುಸ್ತಕ ತೆಗೆದೆ. ಅವಳು ಕೈ ಅಡ್ಡ ಇಟ್ಟಳು.

“ಬೇಡ ಮೇಡಂ, ನಾನೀಗ ಕ್ಯಾಂಟೀನಲ್ಲಿದ್ದೀನಿ.”