ಕುಕ್ಕರಿಗೆ ಸುತ್ತಿದ ಧಾಬಳಿ

ನಾನು ಒಂದು ಧಾಬಳಿ. ಹಾಗೆಂದರೇನು ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಅಂಥವರು ಮೈಮೇಲೆ ಏನು ಹಾಕಿಕೊಂಡಿದ್ದಾರೆಂದು ಒಮ್ಮೆ ನೋಡಿದರೆ ಸಾಕು, ಅವರ ಯೋಗ್ಯತೆ ನನಗೆ ತಿಳಿದುಬಿಡುತ್ತದೆ. ಇರಲಿ, ಹೇಳುತ್ತೇನೆ. ಮಡಿಯಲ್ಲಿ ಉಡುವ ಉಣ್ಣೆಯ ವಸ್ತ್ರ ನಾನು. ಹತ್ತಿಯ ಸೀರೆಯನ್ನು ದಿನಾ ಒಗೆದು, ಯಾರೂ ಮುಟ್ಟದ ಹಾಗೆ ಗಳದ ಮೇಲೆ ಒಣಗಿಸಿದರೆ ಮಾತ್ರ ಅದು ಮಡಿ. ಒಣಗದಿದ್ದರೆ ಒದ್ದೆಯನ್ನೇ ಉಟ್ಟು ನಡುಗಬೇಕು. ಉಣ್ಣೆಗೆ ಆ ರಗಳೆಯಿಲ್ಲ. ನಮಗೆ ಮೈಲಿಗೆ ತಟ್ಟುವುದಿಲ್ಲವೆಂದು ಹಿರಿಯರೇ ಹೇಳಿಬಿಟ್ಟಿದ್ದಾರೆ, ಅವರಿಗೆ ತಲೆಯಿತ್ತು.

ಕುರಿಯ ಬೆನ್ನ ಮೇಲೆ ಹುಟ್ಟಿದೆ. ನೇಕಾರ ಒತ್ತಾಗಿ ನೇಯ್ದು, ಬಿಸಿನೀರಿನಲ್ಲಿ ಹಾಕಿ ತುಳಿದು ಗಟ್ಟಿ ಮಾಡಿದ. ಗದಗಿನ ಒಂದು ಮನೆಯ ಅತ್ತೆ ನನ್ನನ್ನು ಕೊಳ್ಳುವ ಮೊದಲು ಅಂಚಿನ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದಳು. ಸುಟ್ಟ ಕೂದಲಿನ ನಾತ ಬಂತು. "ಇದು ಖರೇ ಉಣ್ಣಿ," ಎಂದಳು. ಬಟ್ಟೆ ಆರಿಸುವ ವಿದ್ಯೆ ಇಷ್ಟೇ. ಈಗಿನವರು ಎಳೆ ನೋಡುವುದಿಲ್ಲ, ಕನ್ನಡಿ ನೋಡುತ್ತಾರೆ.

ಅತ್ತೆ ಸತ್ತ ಮೇಲೆ ನಾನು ಸೊಸೆ ಅಂಬಾಬಾಯಿಯ ಪಾಲಿಗೆ ಬಂದೆ. ಒಲೆಯ ಮುಂದೆ ಹೊಗೆ ಕುಡಿದೆ, ಪೆಟ್ಟಿಗೆಯಲ್ಲಿ ನುಸಿಗುಳಿಗೆಗಳ ಜೊತೆ ಮಲಗಿದೆ. ಅಂಬಾಬಾಯಿಗೆ ಗಂಡ ಹೋದ, ಹಲ್ಲು ಹೋದವು, ಮೊಣಕಾಲು ಕೈಕೊಟ್ಟವು. ಒಂದು ಆಸೆ ಮಾತ್ರ ಹೋಗಲಿಲ್ಲ. ಬದರಿ ನಾರಾಯಣನ ಎದುರು ಮಡಿಯಲ್ಲಿ ನಿಂತು ಒಮ್ಮೆ ಕೈಮುಗಿಯಬೇಕು. ಗಂಡನೂ ಹೊರಟಿದ್ದವನೇ. ಗುಡ್ಡ ಕುಸಿದು ಅರ್ಧ ದಾರಿಯಿಂದ ತಿರುಗಿ ಬಂದಿದ್ದ. "ಅವರ ಪಾಲಿನ ನಮಸ್ಕಾರನೂ ನನ್ನ ಮ್ಯಾಲೆ ಅದ," ಎನ್ನುತ್ತಿದ್ದಳು.

ಆ ಮನೆಯಲ್ಲೇ ಇದ್ದ ಅವಳ ಅಕ್ಕನ ಮಗ ಪ್ರಲ್ಹಾದ. ಪೇಟೆಯಲ್ಲಿ ರೆಡಿಮೇಡ್ ಬಟ್ಟೆಯ ಅಂಗಡಿ ಇಟ್ಟವನು. ಅಯ್ಯೋ, ಅವನ ಜಂಬವೇ! ಅರಿವೆ ಮಾರುವವನಿಗೆ ಅರಿವೆ ಗೊತ್ತು ಎಂದು ಲೋಕ ನಂಬುತ್ತದೆ. ಅವನಿಗೆ ಗೊತ್ತಿದ್ದದ್ದು ಬಣ್ಣ ಮತ್ತು ಗುಂಡಿ. ಅವನೇ ಓಣಿಯವರನ್ನು ಕೂಡಿಸಿ ಬದರಿ ಯಾತ್ರೆ ಹೊರಡಿಸಿದ. ಹೊರಡುವ ವಾರ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಉಪದೇಶ ಮಾಡಿದ.

"ಥಂಡಿಗೆ ಹೆದರಬ್ಯಾಡ್ರೀ. ಒಳಗೆ ಎರಡು ಕಾಟನ್ ಬನೀನು, ಅದರ ಮ್ಯಾಲೆ ದಪ್ಪ ಕಾಟನ್ ಸ್ವೆಟರು, ಕೆಳಗ ಜೀನ್ಸು. ಕಾಲಿಗೆ ಎರಡೆರಡು ಕಾಲ್ಚೀಲ ಹಾಕಿ ಬೂಟು ಬಿಗದು ಕಟ್ರಿ, ಗಾಳಿ ಆಡಬಾರ್ದು ನೋಡ್ರಿ! ಮ್ಯಾಲೆ ಇಂಥಾದ್ದೊಂದು."

ಇಂಥಾದ್ದು ಎಂದರೆ ಅವನ ಚರ್ಮದ ಜಾಕೀಟು. ಸೊಂಟದವರೆಗೂ ಬರದ, ಥಳಥಳ ಹೊಳೆಯುವ, ಒಳಗೆ ತೆಳ್ಳನೆಯ ನುಣುಪು ಅಸ್ತರಿದ್ದ ಜಾಕೀಟು. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು. ಇನ್ನು ಹತ್ತಿಯ ಬನಿಯನ್ನು! ಬೇಸಿಗೆಯಲ್ಲಿ ಅದು ಸಾಧು, ಒಪ್ಪುತ್ತೇನೆ. ಚಳಿಯಲ್ಲಿ ಅದರಂಥ ದ್ರೋಹಿ ಇಲ್ಲ. ಬೆವರನ್ನೂ ನೀರನ್ನೂ ಕುಡಿದು ಮೈಗೆ ಅಂಟಿಕೊಂಡು ಕೂರುತ್ತದೆ, ಒಣಗುವ ಹೆಸರೆತ್ತುವುದಿಲ್ಲ. ಬಿಗಿದು ಕಟ್ಟಿದ ಬೂಟಿನಲ್ಲಿ ರಕ್ತವೇ ಆಡದಿದ್ದರೆ ಕಾಲು ಬೆಚ್ಚಗಾಗುವುದು ಎಲ್ಲಿಂದ? ಕೇಳುವವರು ಯಾರು, ಎಲ್ಲರೂ ತಲೆಯಾಡಿಸಿದರು, ಮರುದಿನ ಅವನ ಅಂಗಡಿಗೇ ಹೋಗಿ ಕೊಂಡರು.

ಅಂಬಾಬಾಯಿ ನನ್ನನ್ನು ಪೆಟ್ಟಿಗೆಯಿಂದ ತೆಗೆದಾಗ ಪ್ರಲ್ಹಾದ ನಕ್ಕ.

"ಅಬಚಿ, ಈ ಹಳೇ ಚಿಂದಿ ಅಲ್ಲೀತನಕ ಹೊತಗೊಂಡು ಹೋಗೂದೇನು?"

ಚಿಂದಿಯಂತೆ! ಚಿಕ್ಕಮ್ಮನಿಗೆ ಆ ಕಡೆ ಅಬಚಿ ಎನ್ನುತ್ತಾರೆ. ಕರೆಯುವುದು ಪ್ರೀತಿಯಿಂದಲೇ, ಬುದ್ಧಿ ಮಾತ್ರ ಇಲ್ಲ.

"ತಪ್ತಕುಂಡದಾಗ ಸ್ನಾನಾ ಮಾಡಿದ ಮ್ಯಾಲೆ ಉಡಲಿಕ್ಕೆ ಬೇಕಪಾ. ಹಸೀ ಸೀರಿ ಉಟಗೊಂಡು ಆ ಗಾಳ್ಯಾಗ ಸರದಿ ನಿಲ್ಲಲಿಕ್ಕೆ ಆಗತದೇನು?"

ಆಮೇಲೆ ಸಾಮಾನು ಕಟ್ಟುವಾಗ ಪ್ರಲ್ಹಾದ ನನ್ನನ್ನು ಅವಳ ಚೀಲದಿಂದ ಎಳೆದು, ಕುಕ್ಕರು ಗಡಗಡ ಸದ್ದು ಮಾಡಬಾರದೆಂದು ಅದಕ್ಕೆ ಸುತ್ತಿಬಿಟ್ಟ. ಗದಗಿನಿಂದ ಹಿಮಾಲಯದವರೆಗೆ ನಾನು ಕುಕ್ಕರಿನ ಹೊದಿಕೆಯಾಗಿ ಹೋದೆ. ಪಕ್ಕದಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಡಬ್ಬಿ ಸೋರುತ್ತಿತ್ತು. ಅದರ ಕಲೆ ಇನ್ನೂ ನನ್ನ ಮೇಲಿದೆ.

ಬದರಿಯ ಬೆಳಿಗ್ಗೆ ಮೋಡ ಕವಿದಿತ್ತು. ಮೇಲೆ ಹಿಮ ಬೀಳುವ ಲಕ್ಷಣವಿದೆ, ಮಧ್ಯಾಹ್ನದೊಳಗೆ ಇಳಿಯದಿದ್ದರೆ ದಾರಿ ಮುಚ್ಚುತ್ತದೆ ಎಂದು ಬಸ್ಸಿನವನು ಮೊದಲೇ ಹೇಳಿದ್ದ. ಮಧ್ಯಾಹ್ನಕ್ಕೆ ಗುಡಿಯ ಬಾಗಿಲೂ ಹಾಕುತ್ತಾರೆ. ಅಷ್ಟರೊಳಗೆ ಸ್ನಾನ, ದರ್ಶನ ಎರಡೂ ಆಗಬೇಕು. ಅಂಬಾಬಾಯಿ ತಪ್ತಕುಂಡದ ಬಿಸಿನೀರಿನಿಂದೆದ್ದು ಹೆಂಗಸರ ಕೋಣೆಯಲ್ಲಿ ಒದ್ದೆ ಸೀರೆ ಬಿಚ್ಚಿ ನನ್ನನ್ನು ಉಟ್ಟಳು. ಕುಕ್ಕರಿನಿಂದ ನನ್ನನ್ನು ಬಿಡಿಸಿದವಳೂ ಅವಳೇ. ಕಚ್ಚೆ ಹಾಕಿ, ಸೆರಗನ್ನು ತಲೆಯ ಮೇಲೆ ಹೊದ್ದು, ಕೈಯಲ್ಲಿ ತುಳಸಿ ಹಿಡಿದು ಹೊರಬಂದಾಗ ಅವಳ ಮೈ ಸಣ್ಣಗೆ ನಡುಗುತ್ತಿತ್ತು. ಅದು ಚಳಿಯ ನಡುಕವಲ್ಲ, ನನಗೆ ಗೊತ್ತು. ಅವಳು ಅಷ್ಟು ಸಂತೋಷವಾಗಿದ್ದುದನ್ನು ನಾನು ಹಿಂದೆ ಕಂಡಿರಲಿಲ್ಲ.

ಮೆಟ್ಟಿಲ ಮೇಲೆ ಪ್ರಲ್ಹಾದ ಕೂತಿದ್ದ. ನಾಚಿಕೆಗೆ ಬನಿಯನ್ನಿನ ಸಮೇತ ಕುಂಡಕ್ಕಿಳಿದಿದ್ದವನು, ಆ ಒದ್ದೆ ಬನಿಯನ್ನಿನ ಮೇಲೆಯೇ ಕಾಟನ್ ಸ್ವೆಟರು ಏರಿಸಿ, ನಿನ್ನೆಯ ಮಳೆಗೆ ನೆಂದು ಒಣಗದ ಜೀನ್ಸು ತೊಟ್ಟು, ಜಾಕೀಟು ಕಾಣಲೆಂದು ಗಾಳಿಗೆ ಎದೆಯೊಡ್ಡಿ ಬಹಳ ಹೊತ್ತು ಫೋಟೋ ತೆಗೆಸಿಕೊಂಡಿದ್ದ. ಈಗ ತುಟಿ ನೀಲಿಯಾಗಿತ್ತು. ಜಾಕೀಟಿನ ಜಿಪ್ಪನ್ನು ಹಿಡಿಯಲು ಹೋಗಿ ಬೆರಳು ಜಾರುತ್ತಿತ್ತು.

"ಪ್ರಲ್ಹಾದಾ, ನಡುಗಲಿಕ್ಕತ್ತೀಯಲ್ಲೋ!"

"ಇಲ್ಲ ಅಬಚಿ... ಆಗಳೆ ನಡಗಿದೆ... ಈಗ ಥಂಡಿನ... ಇಲ್ಲ..." ನಾಲಿಗೆ ತೊದಲುತ್ತಿತ್ತು. ನೋಡನೋಡುತ್ತ ನಡುಕ ನಿಂತೇಹೋಯಿತು. ಅಂಥ ಚಳಿಯಲ್ಲಿ ನಡುಕ ನಿಂತರೆ ಮೈ ಸೋತಿತೆಂದೇ ಅರ್ಥ. ಕಣ್ಣು ಮುಚ್ಚತೊಡಗಿತು.

ಓಣಿಯ ಗೋದಕ್ಕ ಸರದಿಯಿಂದ ಕೂಗಿದಳು: "ಅಂಬಕ್ಕಾ, ಲಗೂ ಬರ್ರಿ! ಬಾಗಲಾ ಹಾಕ್ತಾರಂತ!"

ಅಂಬಾಬಾಯಿ ಗುಡಿಯ ಕಡೆ ನೋಡಿದಳು. ಆಮೇಲೆ ಹುಡುಗನ ಕಡೆ ನೋಡಿದಳು. ಹುಡುಗನೇನು, ನಲವತ್ತು ದಾಟಿದ ಕೋಣ. ಬಿಡು ತಾಯಿ, ಮಾಡಿದ್ದುಣ್ಣಲಿ, ನೀನು ನಡೆ ಎಂದು ನಾನು ಅವಳ ಮೈಮೇಲಿಂದಲೇ ಕೂಗಬೇಕೆಂದುಕೊಂಡೆ. ಬಟ್ಟೆಯ ಕೂಗು ಯಾರಿಗೆ ಕೇಳುತ್ತದೆ?

"ನೀವು ಹೋಗ್ರಿ ಗೋದಕ್ಕ. ನಂದೂ ಒಂದು ನಮಸ್ಕಾರಾ ಹಾಕ್ರಿ," ಎಂದಳು.

ಅವನನ್ನು ಎಬ್ಬಿಸಿ, ಪಕ್ಕದ ಚಹಾ ಅಂಗಡಿಯ ಗೋಡೆಯ ಮರೆಗೆ ದೂಡಿಕೊಂಡು ಹೋದಳು. ತಾನು ಕೋಣೆಗೆ ಹೋಗಿ ನನ್ನನ್ನು ಬಿಚ್ಚಿ, ರಾತ್ರಿ ಉಟ್ಟು ಮಲಗಿದ್ದ ಮೈಲಿಗೆಯ ಸೀರೆಯುಟ್ಟು, ಶಾಲು ಹೊದ್ದು ಓಡಿಬಂದಳು. ಅಂಗಡಿಯವನ ಕೈಯಿಂದ ಪ್ರಲ್ಹಾದನ ಒದ್ದೆ ಬಟ್ಟೆಯೆಲ್ಲ ಬಿಚ್ಚಿಸಿದಳು. ಬೂಟಿನ ದಾರ ಸಡಿಲಿಸಿ ಎಳೆದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ಎರಡು ಸುತ್ತು ಸುತ್ತಿದಳು. ನಾನು ಬಿಸಿ ಹಿಡಿದಿಡಬಲ್ಲೆ, ಬೀಸುವ ಗಾಳಿ ಮಾತ್ರ ನನ್ನೊಳಗೆ ನುಗ್ಗುತ್ತದೆ. ಅದಕ್ಕೆ ಹಾಸಿಗೆ ಕಟ್ಟಿದ್ದ ಪ್ಲಾಸ್ಟಿಕ್ಕನ್ನು ತಂದು ನನ್ನ ಮೇಲೆ ಹೊದಿಸಿದಳು. ಪ್ಲಾಸ್ಟಿಕ್ಕಿನ ಜೊತೆ ನಾನು! ಆ ಹೊತ್ತಿಗೆ ಅದೂ ಬೇಕಿತ್ತು. ಬೆಲ್ಲ ಹಾಕಿದ ಬಿಸಿ ಚಹಾವನ್ನು ಗುಟುಕು ಗುಟುಕಾಗಿ ಕುಡಿಸುತ್ತ, "ಕಣ್ಣು ಮುಚ್ಚಬ್ಯಾಡೋ, ಮಾತಾಡೋ ನನ್ನಪ್ಪಾ," ಎನ್ನುತ್ತಿದ್ದಳು.

ಬಹಳ ಹೊತ್ತಿನ ಮೇಲೆ ಅವನು ಮತ್ತೆ ನಡುಗಿದ. ಹಲ್ಲು ಕಟಕಟ ಎಂದವು. ಅಂಬಾಬಾಯಿ ಅಳುತ್ತ ನಕ್ಕಳು. ಅಷ್ಟು ಹೊತ್ತಿಗೆ ಗುಡಿಯ ಬಾಗಿಲು ಹಾಕಿತ್ತು, ಬಸ್ಸಿನವನು ಹಾರನ್ನು ಒತ್ತುತ್ತಿದ್ದ. ಅವಳು ಬಸ್ಸಿನ ಕಿಟಕಿಯಿಂದಲೇ ಮುಚ್ಚಿದ ಬಾಗಿಲ ಕಡೆಗೆ ಕೈಮುಗಿದಳು. ತುಳಸಿ ಅವಳ ಮುಷ್ಟಿಯಲ್ಲೇ ಬಾಡಿತ್ತು.

ಊರಿಗೆ ಬಂದ ಪ್ರಲ್ಹಾದ ಹೇಳಿದ್ದೇನು ಗೊತ್ತೇ? "ಜಾಕೀಟು ಇತ್ತಂತ ಉಳದೆ ನೋಡ್ರಿ!" ಅದನ್ನು ಅಂಗಡಿಯಲ್ಲಿ ಎದುರಿಗೇ ತೂಗುಹಾಕಿದ. ಅಂಥವೇ ಹತ್ತಾರು ಖರ್ಚಾದವು. ಥೂ! ಅಂಬಾಬಾಯಿ ಕೇಳಿಯೂ ಸುಮ್ಮನಿದ್ದಳು. ಅವಳ ಆ ಮೌನಕ್ಕೆ ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ.

ಮುಂದಿನ ಮಳೆಗಾಲ ಅವಳು ಹುಬ್ಬಳ್ಳಿಯ ಮಗಳ ಮನೆಗೆ ಹೋದಳು. ಅವಳು ಅತ್ತ ಹೋದದ್ದೇ ತಡ, ಪ್ರಲ್ಹಾದನ ಹೆಂಡತಿ ವಾರಿಜಾ ನನ್ನನ್ನು ನಾಲ್ಕು ಮಡಿಕೆ ಮಾಡಿ ಇಸ್ತ್ರಿ ಟೇಬಲ್ಲಿನ ಮೇಲೆ ಹಾಸಿದಳು. ದಿನಾ ನನ್ನ ಬೆನ್ನ ಮೇಲೆ ಅವನ ಕಾಟನ್ ಅಂಗಿಗಳು! ಒಮ್ಮೆ ಇಸ್ತ್ರಿ ಮರೆತು ಬಿಟ್ಟು ಕಂದು ಗುರುತು ಬೀಳಿಸಿದಳು. ಮುದಿತನ ಎಂದರೆ ಇದೇ.

ಮಳೆಗಾಲ ಮುಗಿಯಿತು. ಪ್ರಲ್ಹಾದ ಮತ್ತೆ ಬದರಿ ಯಾತ್ರೆ ಹೊರಡಿಸಿದ. ಹೊರಡುವ ಮುನ್ನಾದಿನ ಮಧ್ಯಾಹ್ನ ಅವನೊಬ್ಬನೇ ಕೋಣೆಗೆ ಬಂದ. ಆಚೀಚೆ ನೋಡಿದ. ನನ್ನನ್ನು ಟೇಬಲ್ಲಿನಿಂದ ಎಳೆದು, ತನ್ನ ಚೀಲದ ತಳಕ್ಕೆ ತುರುಕಿ, ಮೇಲೆ ಜಾಕೀಟು ಮುಚ್ಚಿದ. ಹಾಗಾದರೆ ಕಳ್ಳನಿಗೆ ಎಲ್ಲ ಗೊತ್ತಿತ್ತು!

ಹಿಂದಿನ ದಿನವಷ್ಟೇ ಹುಬ್ಬಳ್ಳಿಯಿಂದ ಬಂದಿದ್ದ ಅಂಬಾಬಾಯಿ ಬಾಗಿಲಲ್ಲಿ ನಿಂತಿದ್ದಳು.

"ಏನೋ ಅದು?"

"ಏನಿಲ್ಲ ಅಬಚಿ... ಕುಕ್ಕರಿಗೆ ಸುತ್ತಲಿಕ್ಕೆ..."

"ಯಾಕ, ಕುಕ್ಕರಿಗೆ ಥಂಡಿ ಹತ್ತತದೇನು?"

ಅವನು ನೆಲ ನೋಡಿದ. ಅವಳು ಚೀಲಕ್ಕೆ ಕೈಹಾಕಿ ನನ್ನನ್ನು ಎಳೆದುಕೊಂಡಳು. ಸುಟ್ಟ ಗುರುತನ್ನು ಬೆರಳಿನಿಂದ ಸವರಿದಳು.

"ನಾಳೆ ನಾನೂ ಬರ್ತೀನಿ."

"ನಿನ್ನ ಮೊಣಕಾಲು, ಅಬಚಿ..."

"ನನ್ನ ಮೊಣಕಾಲಿನ ಚಿಂತಿ ನನಗಿರಲಿ. ಈ ಸಲ ಇದು ನನ್ನ ಮೈಮ್ಯಾಲಿಂದ ಇಳಿಯೂದಿಲ್ಲ, ದರ್ಶನಾ ಆಗೂತನಕ. ನೀ ನಿನ್ನ ಜಾಕೀಟು ಹಾಕ್ಕೋ. ಅದಽ ಅಲ್ಲೇನು ನಿನ್ನ ಉಳಿಸಿದ್ದು?"

ಅವಳು ನನ್ನನ್ನು ಅಂಗಳಕ್ಕೆ ಒಯ್ದು, ಕೊಡವಿ, ಬಿಸಿಲಿಗೆ ಹಾಕಿದಳು. ನನ್ನಲ್ಲಿ ಈಗ ತೂತುಗಳಿವೆ, ಕಲೆಗಳಿವೆ, ಉಪ್ಪಿನಕಾಯಿಯ ವಾಸನೆಯಿದೆ. ಇರಲಿ. ಗಡಗಡ ಎನ್ನುವ ಆ ಕುಕ್ಕರನ್ನು ಈ ಸಲ ಅವನು ತನ್ನ ಜಾಕೀಟಿನಲ್ಲೇ ಸುತ್ತಿಕೊಳ್ಳಲಿ.