ರಾಜಿ ಮೇಡಂ ಮನೆಯ ಜಗಳ

ಊರಿನವರೆಲ್ಲ ಅವಳನ್ನು ರಾಜಿ ಮೇಡಂ ಎಂದೇ ಕರೆಯುತ್ತಿದ್ದರು. ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಮೂರು ಕುರ್ಚಿ ಹಾಕಿಕೊಂಡು ಜಗಳ ಬಿಡಿಸುವುದು ಅವಳ ಕಸುಬು. ಹನ್ನೊಂದು ವರ್ಷ ಮುಖ ನೋಡದಿದ್ದ ಅತ್ತೆ ಸೊಸೆ ಅಲ್ಲಿಂದ ಒಂದೇ ಕೊಡೆಯಡಿ ಮನೆಗೆ ಹೋಗಿದ್ದುಂಟು.

ಅಂಥವಳ ಮನೆಯಲ್ಲೇ ಒಂಬತ್ತು ದಿನದಿಂದ ಮಾತುಕತೆ ಬಂದ್.

ಕಾರಣ, ತುತ್ತೂರಿ. ಬಸ್ ಓಡಿಸಿ ನಿವೃತ್ತನಾದ ಗಂಡ ಹಳೇ ಸಾಮಾನಿನ ಅಂಗಡಿಯಿಂದ ಹಿತ್ತಾಳೆಯ ತುತ್ತೂರಿಯೊಂದನ್ನು ತಂದು, ಬೆಳಗಾಗುತ್ತಲೇ ಬಚ್ಚಲಮನೆಗೆ ನುಗ್ಗಿ, ಚಿಲಕ ಹಾಕಿಕೊಂಡು ಊದತೊಡಗಿದ್ದ. ಪಕ್ಕದ ಮನೆಯ ನಾಯಿ ಊಟ ಬಿಟ್ಟಿತು. "ಈ ಮನೆಯಲ್ಲಿ ನಾನಿರಬೇಕು, ಇಲ್ಲ ಅದಿರಬೇಕು!" ಎಂದಳು ರಾಜಿ ಮೇಡಂ. ಗಂಡ ಉತ್ತರ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡ. ಜಗಳವೆಲ್ಲ ಆಗಿದ್ದು ಆ ಸ್ವಲ್ಪ ಹೊತ್ತಿಗೇ.

"ಅಮ್ಮಾ, ಊರವರ ಜಗಳ ಬಿಡಿಸ್ತೀಯ, ನಿನ್ನದನ್ನ ಬಿಡಿಸ್ಕೋಬಾರದಾ?" ಮಗಳು ರೇಗಿದಳು. "ಅಪ್ಪಾ ಉಪ್ಪು ಕೊಡಬೇಕಂತೆ, ಅಮ್ಮಾ ಟವೆಲ್ ಎಲ್ಲಂತೆ... ನಾನೆಷ್ಟು ದಿನ ಪೋಸ್ಟ್‌ಮನ್ ಆಗಿರ್ಲಿ?"

ಮಾತು ನಾಟಿತು. ಆ ಸಂಜೆಯೇ ಅವಳು ನಡುಮನೆಯಲ್ಲಿ ಮೂರು ಕುರ್ಚಿ ಜೋಡಿಸಿ ಗಂಡನನ್ನು ಕೂರಿಸಿದಳು. ತಾನು ನಡುವಿನ ಕುರ್ಚಿಯಲ್ಲಿ ಕೂತು ಗಂಭೀರವಾಗಿ, "ಮೊದಲು ಹೆಂಡತಿಯವರು ಮಾತಾಡಲಿ" ಎಂದಳು. ತಟಕ್ಕನೆ ಎದ್ದು ಆಚೆ ಕುರ್ಚಿಗೆ ಹಾರಿ, "ಕಿವಿ ತೂತಾಗಿದೆ!" ಎಂದು ಕೂಗಿದಳು. ಮತ್ತೆ ನಡುವಿಗೆ ಓಡಿಬಂದು, "ಪಾಪ, ನ್ಯಾಯವಾದ ಮಾತು" ಎಂದು ತಲೆಯಾಡಿಸಿದಳು.

"ಇದೇನೇ ಇದು! ಆ ಕುರ್ಚಿಯಲ್ಲೂ ನೀನೇ, ಈ ಕುರ್ಚಿಯಲ್ಲೂ ನೀನೇ! ಊರವರಿಗೂ ಹೀಗೇನಾ ಮಾಡೋದು?"

"ಅವರ ಜಗಳದಲ್ಲಿ ನಾನು ಗೆಲ್ಲಬೇಕಾಗಿಲ್ಲವಲ್ಲರೀ!" ಎಂದುಬಿಟ್ಟಳು. ಅಂದ ಮೇಲೆ ತಾನೇ ಬೆಪ್ಪಾಗಿ ಕೂತಳು. ಇಪ್ಪತ್ತು ವರ್ಷದ ಕಸುಬಿನ ಗುಟ್ಟು ಬಾಯಿತಪ್ಪಿ ಹೊರಬಿದ್ದಿತ್ತು.

ಮಾರನೆಯ ದಿನ, ಯಾರ ಬೋರ್ಡು ಕಂಡರೂ ರಸ್ತೆ ದಾಟಿಬಿಡುತ್ತಿದ್ದಳೋ, ಅದೇ ಕಸುಬಿನ ಆ ಪ್ರತಿಸ್ಪರ್ಧಿಯ ಬಾಗಿಲನ್ನೇ ಗಂಡ ಹೆಂಡತಿ ತಟ್ಟಿದರು. ಆತ ಪಿಸುಮಾತಿನ ಮನುಷ್ಯ. "ತುತ್ತೂರಿ ಇರಲಿ ತಾಯಿ," ಎಂದು ಪಿಸುಗುಟ್ಟಿದ, "ನಿಮಗೆ ನಿಜವಾಗಿ ನೋವು ಮಾಡಿದ್ದು ಯಾವುದು?"

ಇದು ಅವಳದೇ ಹಳೇ ಪಟ್ಟು. ಗೊತ್ತಿದ್ದೂ ಗೊತ್ತಿದ್ದೂ ಅದರಲ್ಲೇ ಬಿದ್ದಳು. "ಚಿಲಕ! ಮೂವತ್ತು ವರ್ಷದಲ್ಲಿ ಇವರು ನನ್ನನ್ನ ಹೊರಗಿಟ್ಟು ಚಿಲಕ ಹಾಕಿಕೊಂಡಿದ್ದು ಇದೇ ಮೊದಲು."

"ಅಯ್ಯೋ ಹುಚ್ಚೀ," ಗಂಡನ ದನಿ ಸಣ್ಣಗಾಯಿತು. "ಚೆನ್ನಾಗಿ ಬಂದ ಮೇಲೆ ನಿನಗೇ ಮೊದಲು ಕೇಳಿಸೋಣ ಅಂತಿದ್ದೆ ಕಣೇ."

ಅವಳು ಕುರ್ಚಿಯನ್ನು ಗಂಡನ ಪಕ್ಕಕ್ಕೆ ಎಳೆದುಕೊಂಡಳು. "ಕೆಟ್ಟದಾಗಿರೋದನ್ನೇ ಈಗ ಕೇಳಿಸಿ."

ಗಂಡನ ಚೀಲದಿಂದ ತುತ್ತೂರಿ ಹೊರಬಂತು. ಒಂದೇ ಊದು. ಪಿಸುಮಾತಿನವನು ಕುರ್ಚಿಯಿಂದ ಜಾರಿ, "ಅಯ್ಯಯ್ಯಪ್ಪಾ!" ಎಂದು ಬೀದಿಗೆಲ್ಲ ಕೇಳುವಂತೆ ಅರಚಿದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಒಬ್ಬರು ಸುಮ್ಮನಾದರೆ ಇನ್ನೊಬ್ಬರು ಶುರು.

ಗಂಡ ಹೆಂಡತಿ ಹೊರಡುವಾಗ ಪಿಸುಮಾತಿನವನು ಬಾಗಿಲ ಬಳಿ ತಡವರಿಸಿದ. "ಮೇಡಂ, ನಮ್ಮಣ್ಣ ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷ ಆಯ್ತು. ನಿಮ್ಮ ಮೆಟ್ಟಿಲ ತನಕ ಎಷ್ಟೋ ಸಲ ಬಂದು ವಾಪಸ್ ಹೋಗಿದ್ದೀನಿ."

"ಮಂಗಳವಾರ ಹತ್ತು ಗಂಟೆಗೆ ಅಣ್ಣನನ್ನ ಕರೆದುಕೊಂಡು ಬನ್ನಿ," ಎಂದಳು ರಾಜಿ ಮೇಡಂ. "ಬರಲ್ಲ ಅಂದ್ರೆ ಹೇಳಿ, ನಮ್ಮನೆಯವರನ್ನ ಅವರ ಕಿಟಕಿ ಕೆಳಗೆ ನಿಲ್ಲಿಸ್ತೀನಿ."

ಅಣ್ಣ ಒಂಬತ್ತೂವರೆಗೇ ಬಂದ.